ಹ್ಯಾಮ್ ರೇಡಿಯೊ ಮೇಜಿಗೆ ಯಾವ ಕೀಬೋರ್ಡ್ ತಗೊಳ್ಳಲಿ?

ಪ್ರಶ್ನೆ: ಸರ್, ನಾನು ಬ್ಯಾಂಕಿನಿಂದ ನಿವೃತ್ತನಾದವನು. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಬಂದ ಮೇಲೆ ಸಂಜೆಯೆಲ್ಲ ರೇಡಿಯೊ ಮುಂದೆಯೇ ಕಳೆಯುತ್ತದೆ. ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ಜಾಸ್ತಿ, ಶನಿವಾರ ಭಾನುವಾರ ಹೆಚ್ಚು ಸ್ಟೇಷನ್ನುಗಳನ್ನು ಸಂಪರ್ಕಿಸುವ ಕಾಂಟೆಸ್ಟ್ ಇದ್ದರೆ ಅದು, ಒಮ್ಮೊಮ್ಮೆ ಟೈಪ್ ಮಾಡಿ ಹರಟುವ ಪಿಎಸ್‌ಕೆ31. ಲ್ಯಾಪ್‌ಟಾಪಿಗೆ ಹಳೆಯ ದೊಡ್ಡ ಕೀಬೋರ್ಡ್ ಹಾಕಿಕೊಂಡಿದ್ದೇನೆ. ಎರಡು ಗಂಟೆ ಕೂತರೆ ಬಲಭುಜ, ಮಣಿಕಟ್ಟು ಎರಡೂ ನೋಯುತ್ತವೆ. ಜೊತೆಗೆ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಟ್ರಾನ್ಸ್‌ಮಿಟ್ ಮಾಡಿದಾಗ ಪರದೆ ಮೇಲೆ ತಾನಾಗಿಯೇ ಅಕ್ಷರಗಳು ಮೂಡುತ್ತವೆ. ಮನೆ ಮೇಲೆ ಎಂಡ್ ಫೆಡ್, ಅಂದರೆ ಒಂದು ತುದಿಯಿಂದ ಸಿಗ್ನಲ್ ಕೊಡುವ ತಂತಿ ಆಂಟೆನಾ ಇದೆ. ಬೆಂಗಳೂರಿನಲ್ಲಿರುವ ಮಗ ಬಣ್ಣದ ದೀಪ ಇರುವ ಗೇಮಿಂಗ್ ಕೀಬೋರ್ಡ್ ಕಳಿಸುತ್ತೇನೆ ಅನ್ನುತ್ತಿದ್ದಾನೆ. ತರಿಸಿಕೊಳ್ಳಲಾ?

ಉತ್ತರ: ನಮಸ್ಕಾರ ಸರ್. ಮಗನಿಗೆ ಸ್ವಲ್ಪ ತಡಿ ಅಂತ ಹೇಳಿ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಭುಜದ ನೋವು ಒಂದು, ತಾನಾಗಿ ಮೂಡುವ ಅಕ್ಷರ ಇನ್ನೊಂದು. ಮೊದಲನೆಯದಕ್ಕೆ ಕೀಬೋರ್ಡಿನ ಅಗಲ, ಮೇಜಿನ ಎತ್ತರ ಕಾರಣ ಇರಬೇಕು. ಎರಡನೆಯದು ಹೆಚ್ಚಾಗಿ ಆಂಟೆನಾ ಕಡೆಯಿಂದ ಬರುವಂಥದ್ದು. ಒಳ್ಳೆಯ ಕೀಬೋರ್ಡ್ ತಂದರೆ ಮೊದಲನೆಯದು ಅರ್ಧ ಕಮ್ಮಿಯಾಗಬಹುದು, ಎರಡನೆಯದು ಹಾಗೇ ಉಳಿಯಬಹುದು. ದೀಪದ ಕೀಬೋರ್ಡ್ ತಂದರೆ ಮೂರನೆಯದೊಂದು ಸೇರಿಕೊಳ್ಳಲೂಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಬ್ಯಾಂಕಿನಲ್ಲಿ ನಿಮ್ಮ ಬಲಗೈ ದಿನವಿಡೀ ನಂಬರ್ ಪ್ಯಾಡ್ ಮೇಲೆ ಇದ್ದಿರಬೇಕು. ಅಲ್ಲಿ ಆ ದೊಡ್ಡ ಕೀಬೋರ್ಡ್ ಸರಿಯಾಗಿಯೇ ಇತ್ತು. ರೇಡಿಯೊ ಮುಂದೆ ಕೂತಾಗ ನಿಮ್ಮ ಬೆರಳು ಏನು ಮಾಡುತ್ತವೆ, ಒಂದು ಸಂಜೆ ಸುಮ್ನೆ ಗಮನಿಸಿ ನೋಡಿ. ಕಾಲ್‌ಸೈನ್, ಅಂದರೆ ಪ್ರತಿ ಸ್ಟೇಷನ್ನಿನ ಗುರುತಿನ ಹೆಸರು ಹೊಡೆಯುತ್ತೀರಿ. ಅದರಲ್ಲಿ ಅಕ್ಷರ ಅಂಕಿ ಎರಡೂ ಬೆರೆತಿರುತ್ತವೆ. ಜಪಾನಿನ ಜೆಎ1, ರಷ್ಯಾದ ಯುಎ9, ನಮ್ಮ ವಿಯು2, ಹೀಗೆ ಶುರುವಾಗುತ್ತವೆ. ಎರಡು ಅಕ್ಷರದ ನಡುವೆ ಒಂದು ಅಂಕಿಗಾಗಿ ಕೈಯನ್ನು ನಂಬರ್ ಪ್ಯಾಡಿಗೆ ಒಯ್ದು ಮತ್ತೆ ವಾಪಸ್ ತರುವವರು ಯಾರೂ ಇಲ್ಲ. ಎಲ್ಲರೂ ಮೇಲಿನ ಸಾಲಿನ ಅಂಕಿಯನ್ನೇ ಒತ್ತುತ್ತಾರೆ. ಅಂದಮೇಲೆ ನಂಬರ್ ಪ್ಯಾಡ್ ನಿಮ್ಮ ಮೇಜಿನ ಮೇಲೆ ಕೆಲಸವಿಲ್ಲದೆ ಕೂತಿದೆ. ಮೌಸ್ ಇರಬೇಕಾದ ಜಾಗದಲ್ಲೇ ಕೂತಿದೆ.

ಭುಜದ ನೋವಿನ ಮೂಲ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಲೆಕ್ಕ ನೋಡಿ. ಪೂರ್ತಿ ಅಳತೆಯ ಕೀಬೋರ್ಡ್ ಸುಮಾರು 44 ಸೆಂಟಿಮೀಟರ್ ಅಗಲ. ಟೈಪ್ ಮಾಡುವವರು ಜಿ ಮತ್ತು ಎಚ್ ಕೀಗಳ ನಡುವಿನ ಗೆರೆ ಹೊಕ್ಕುಳಿಗೆ ನೇರ ಬರುವಂತೆ ಕೂರಬೇಕು. ಹಾಗೆ ಕೂತರೆ ಕೀಬೋರ್ಡಿನ ಬಲ ಅಂಚು ಮೈಯ ನಡುಗೆರೆಯಿಂದ ಸುಮಾರು 30 ಸೆಂಟಿಮೀಟರ್ ದೂರ ಹೋಗುತ್ತದೆ. ಮೌಸ್ ಅದರಿಂದಲೂ ಆಚೆ. ಭುಜವಾದರೋ ನಡುಗೆರೆಯಿಂದ 20 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಅಂದರೆ ಎರಡು ಗಂಟೆ ಹೊತ್ತು ತೋಳನ್ನು ಹೊರಗೆ ಚಾಚಿಕೊಂಡೇ ಕೂತಿರುತ್ತೀರಿ. ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್ ಸುಮಾರು 36 ಸೆಂಟಿಮೀಟರ್. ಅಂಗಡಿಯಲ್ಲಿ ಇದನ್ನು ಟೆನ್‌ಕೀಲೆಸ್ ಅಥವಾ ಟಿಕೆಎಲ್ ಅನ್ನುತ್ತಾರೆ, 87 ಕೀ ಅಂತಲೂ ಕೇಳಬಹುದು. ಇದನ್ನು ಇಟ್ಟರೆ ಮೌಸ್ ಭುಜದ ನೇರಕ್ಕೆ ಹತ್ತಿರ ಬರುತ್ತದೆ. ದುಡ್ಡು ಖರ್ಚು ಮಾಡದೆ ಇದನ್ನು ಪರೀಕ್ಷಿಸಬಹುದು. ಒಂದು ವಾರ ಮೌಸನ್ನು ಎಡಗೈಗೆ ಬದಲಾಯಿಸಿ. ಬಲಭುಜದ ನೋವು ಇಳಿದರೆ ಕಾರಣ ಸಿಕ್ಕಿತು.

ನೀವು ಹೆಚ್ಚು ಹೊತ್ತು ಎಫ್‌ಟಿ8ನಲ್ಲಿ ಇರುತ್ತೀರಿ ಅಂದಿರಲ್ಲ, ಅದರಿಂದಲೇ ಈ ಮಾತನ್ನು ಇಷ್ಟು ಒತ್ತಿ ಹೇಳಿದೆ. ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಹೊರತಂದ ಈ ಮೋಡ್‌ನಲ್ಲಿ ಟೈಪ್ ಮಾಡುವುದು ತೀರಾ ಕಮ್ಮಿ. 15 ಸೆಕೆಂಡಿಗೆ ಒಂದು ಸರದಿ. ಅದರಲ್ಲಿ ಸಿಗ್ನಲ್ ಹೋಗುವುದು 12.64 ಸೆಕೆಂಡ್. ಉಳಿದ ಎರಡು ಚಿಲ್ಲರೆ ಸೆಕೆಂಡಿನಲ್ಲಿ ಪರದೆ ಓದಿ, ಬೇಕಾದ ಕಾಲ್‌ಸೈನ್ ಮೇಲೆ ಎರಡು ಸಲ ಕ್ಲಿಕ್ ಮಾಡಬೇಕು. ಆ ಅವಸರದಲ್ಲಿ ಮೌಸನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೇವೆ. ಎಷ್ಟೋ ಜನ ಕೀಬೋರ್ಡಿನ ಮೇಲೆ ಹಾಕುವ ತಪ್ಪು ಮೌಸಿನದು. ಎಫ್‌ಟಿ8 ನಡೆಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶದಲ್ಲಿ ಕೆಲವು ಕೀಗಳನ್ನು ರೂಢಿ ಮಾಡಿಕೊಂಡರೆ ಕ್ಲಿಕ್ ಕಮ್ಮಿಯಾಗುತ್ತದೆ. ಎಸ್ಕೇಪ್ ಒತ್ತಿದರೆ ಟ್ರಾನ್ಸ್‌ಮಿಟ್ ನಿಲ್ಲುತ್ತದೆ. ಎಫ್4 ಒತ್ತಿದರೆ ಹಳೆಯ ಕಾಲ್‌ಸೈನ್ ಅಳಿಸಿಹೋಗುತ್ತದೆ. ಆಲ್ಟ್ ಜೊತೆ ಎನ್ ಒತ್ತಿದರೆ ಟ್ರಾನ್ಸ್‌ಮಿಟ್ ಶುರು. ಈ ಮೂರನ್ನೂ ಎಡಗೈಯೇ ಮಾಡಲಿ, ಮೌಸ್ ಹಿಡಿದ ಬಲಗೈಗೆ ಆಗಾಗ ಬಿಡುವು ಸಿಗುತ್ತದೆ.

ಕಾಂಟೆಸ್ಟ್ ವಿಷಯ ಬೇರೆ. ಅಲ್ಲಿ ಕೀಬೋರ್ಡೇ ಮುಖ್ಯ. ಸಿಕ್ಯೂ ವರ್ಲ್ಡ್‌ವೈಡ್ ಅನ್ನುವ ಕಾಂಟೆಸ್ಟ್ ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ 5:30ಕ್ಕೆ ಶುರುವಾದರೆ ಸೋಮವಾರ ಬೆಳಿಗ್ಗೆ 5:30ರ ತನಕ, 48 ಗಂಟೆ. ಎನ್1ಎಂಎಂನಂಥ ಲಾಗಿಂಗ್ ತಂತ್ರಾಂಶದಲ್ಲಿ ಎಫ್1 ಒತ್ತಿದರೆ ಸಿಕ್ಯೂ (ಯಾರಾದರೂ ಉತ್ತರಿಸಿ ಅನ್ನುವ ಕರೆ) ಹೋಗುತ್ತದೆ, ಎಫ್2 ಒತ್ತಿದರೆ ಸಿಗ್ನಲ್ ರಿಪೋರ್ಟ್ ಮತ್ತು ನಮ್ಮ ಭಾಗದ ಜೋನ್ ಸಂಖ್ಯೆ 22, ಎಫ್3 ಒತ್ತಿದರೆ ಧನ್ಯವಾದ, ಎಫ್4 ಒತ್ತಿದರೆ ನಮ್ಮ ಕಾಲ್‌ಸೈನ್. ಸ್ಪೇಸ್ ಒತ್ತಿದರೆ ಮುಂದಿನ ಖಾನೆಗೆ ಹೋಗಬಹುದು. ಪೇಜ್ ಅಪ್, ಪೇಜ್ ಡೌನ್ ಮೋರ್ಸ್ ವೇಗ ಏರಿಸಿ ಇಳಿಸುತ್ತವೆ. ಕಂಟ್ರೋಲ್ ಜೊತೆ ಎಂ ಒತ್ತಿ ಒಂದು ಸೌಲಭ್ಯ ಆನ್ ಮಾಡಿಕೊಂಡರೆ, ಬರೀ ಎಂಟರ್ ಒತ್ತುತ್ತಾ ಹೋದರೆ ಸಾಕು, ಮುಂದೆ ಏನು ಕಳಿಸಬೇಕು ಅಂತ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಹಾಗಾಗಿ ಗಟ್ಟಿಯಾಗಿರಬೇಕಾದ ಕೀಗಳು ಯಾವುವು ಅಂತ ಈಗ ಗೊತ್ತಾಯಿತಲ್ಲ. ಎಫ್ ಸಾಲು, ಎಂಟರ್, ಸ್ಪೇಸ್, ಎಸ್ಕೇಪ್, ಪೇಜ್ ಅಪ್ ಮತ್ತು ಡೌನ್.

ಇದರಿಂದಲೇ ಒಂದು ಎಚ್ಚರಿಕೆ. ಚಿಕ್ಕದು ಒಳ್ಳೆಯದು ಅಂದೆ ಅಂತ ತೀರಾ ಚಿಕ್ಕದಕ್ಕೆ ಹೋಗಬೇಡಿ. ಅರವತ್ತು ಪರ್ಸೆಂಟ್ ಅಂತ ಮಾರುವ ಕೀಬೋರ್ಡುಗಳಲ್ಲಿ ಎಫ್ ಸಾಲೇ ಇರುವುದಿಲ್ಲ. ಎಫ್1 ಬೇಕೆಂದರೆ ಎಫ್‌ಎನ್ ಕೀ ಜೊತೆ 1 ಒತ್ತಬೇಕು. ಪ್ರತಿ ಸಿಕ್ಯೂಗೆ ಎರಡು ಬೆರಳು! ರೇಡಿಯೊ ಕೆಲಸಕ್ಕೆ ಅದು ಬೇಡವೇ ಬೇಡ. ಎಪ್ಪತ್ತೈದು ಪರ್ಸೆಂಟ್ ಅನ್ನುವ ಅಳತೆಯಲ್ಲಿ ಎಫ್ ಸಾಲು ಇದೆ, ಆದರೆ ಹಲವು ಮಾದರಿಗಳಲ್ಲಿ ಹನ್ನೆರಡೂ ಒತ್ತೊತ್ತಾಗಿ ಕೂತಿರುತ್ತವೆ. ಟಿಕೆಎಲ್‌ನಲ್ಲಿ ನಾಲ್ಕು ನಾಲ್ಕರ ಗುಂಪಾಗಿ, ನಡುವೆ ಸಂದು ಬಿಟ್ಟು ಇರುತ್ತವೆ. ಕಣ್ಣು ಪರದೆಯಲ್ಲಿ ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ವಾಟರ್‌ಫಾಲ್ ಮೇಲೋ ರಿಗ್ಗಿನ, ಅಂದರೆ ರೇಡಿಯೊದ ಮೀಟರ್ ಮೇಲೋ ಇರುವಾಗ ಆ ಸಂದು ಬೆರಳಿಗೆ ದಾರಿ ತೋರಿಸುತ್ತದೆ. ಎಫ್1 ಮತ್ತು ಎಫ್4 ಮೇಲೆ ಉಗುರು ಬಣ್ಣದ ಒಂದೊಂದು ಚುಕ್ಕಿ ಇಟ್ಟು ಒಣಗಿಸಿ. ನೋಡದೆಯೇ ಕೀ ಸಿಗುತ್ತದೆ.

ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡ್ ಬಳಸುವ ಗೆಳೆಯರಿದ್ದರೆ ಅವರಿಗೂ ಹೇಳಿ. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಎಫ್1 ಒತ್ತಿದರೆ ಸದ್ದು ಬಂದ್ ಆಗುವುದೋ, ಪರದೆ ಮಬ್ಬಾಗುವುದೋ ಆಗುತ್ತದೆ. ಡೆಲ್, ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿದರೆ ಅದು ತಿರುಗುಮುರುಗಾಗಿ ಎಫ್ ಕೀ ಎಫ್ ಕೀಯಾಗಿಯೇ ಕೆಲಸ ಮಾಡುತ್ತದೆ.

ಇನ್ನು ಪಿಎಸ್‌ಕೆ31. ಪೀಟರ್ ಮಾರ್ಟಿನೆಜ್ 1998ರಲ್ಲಿ ತಂದ ಈ ಮೋಡ್ ನನಗೆ ಇಂದಿಗೂ ಇಷ್ಟ, ಯಾಕೆಂದರೆ ಇದರಲ್ಲಿ ನಿಜವಾಗಿ ಮಾತುಕತೆ ನಡೆಯುತ್ತದೆ. ನಿಮಿಷಕ್ಕೆ ಸುಮಾರು 50 ಪದದ ವೇಗ. ಬ್ಯಾಂಕಿನಲ್ಲಿ ಪಳಗಿದ ಕೈಗೆ ಇದು ಹಿತವಾದ ವೇಗ. ಇಲ್ಲಿ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ. ಇದರ ಸಂಕೇತದಲ್ಲಿ ಇಂಗ್ಲಿಷಿನ ಸಣ್ಣ ಇ ಅಕ್ಷರಕ್ಕೆ 2 ಬಿಟ್ ಸಾಕು, ದೊಡ್ಡ ಇ ಅಕ್ಷರಕ್ಕೆ 7 ಬಿಟ್ ಬೇಕು. ಕ್ಯಾಪ್ಸ್ ಲಾಕ್ ಹಾಕಿಕೊಂಡು ಹರಟಿದರೆ ಆ ಕಡೆಯವರು ಸುಮ್ನೆ ಕಾಯಬೇಕಾಗುತ್ತದೆ. ಇಂಥ ಉದ್ದ ಟೈಪಿಂಗ್‌ಗೆ ಮಾತ್ರ ಕೀಯ ಒತ್ತುವಿಕೆ ಹೇಗಿದೆ ಅನ್ನುವುದು ಮುಖ್ಯವಾಗುತ್ತದೆ.

ಮೆಕ್ಯಾನಿಕಲ್ ಸ್ವಿಚ್ಚುಗಳಲ್ಲಿ ಕೆಂಪು, ಕಂದು, ನೀಲಿ ಅಂತ ಮೂರು ಬಣ್ಣ ಕೇಳಿರುತ್ತೀರಿ. ಜರ್ಮನಿಯ ಚೆರಿ ಕಂಪನಿಯಿಂದ ಬಂದ ರೂಢಿ ಇದು, ಈಗ ಬೇರೆಯವರೂ ಹೆಚ್ಚುಕಡಿಮೆ ಅದನ್ನೇ ಅನುಸರಿಸುತ್ತಾರೆ. ಕೆಂಪಿಗೆ ಸುಮಾರು 45 ಗ್ರಾಂ ಒತ್ತಡ, ಎಲ್ಲೂ ತಡೆಯಿಲ್ಲದೆ ನೇರ ಇಳಿಯುತ್ತದೆ. ಕಂದಿಗೆ 55, ಅರ್ಧ ದಾರಿಯಲ್ಲಿ ಬೆರಳಿಗೆ ಸಣ್ಣ ತಡೆ ಗೊತ್ತಾಗುತ್ತದೆ. ನೀಲಿಗೆ 60, ಜೊತೆಗೆ ಟಕ್ ಅನ್ನುವ ಸದ್ದು. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್ ಹೊತ್ತಿಗೇ ಅಕ್ಷರ ಮೂಡಿರುತ್ತದೆ. ಇದನ್ನು ಕೈ ಕಲಿತರೆ ತಳದ ತನಕ ಗುದ್ದುವುದು ನಿಲ್ಲುತ್ತದೆ, ಬೆರಳ ಗಂಟುಗಳಿಗೆ ದೊಡ್ಡ ಉಪಕಾರ. ನಿಮಗೆ ಕಂದು ಬಣ್ಣದ್ದು ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಕೆಂಪು ಹಗುರ, ಆದರೆ ಬೆರಳು ಸುಮ್ನೆ ತಾಗಿದರೂ ಒತ್ತಿಹೋಗುತ್ತದೆ. ಕಾಂಟೆಸ್ಟಿನಲ್ಲಿ ಎಫ್1 ಮೇಲೆ ಬೆರಳಿಟ್ಟು ಕಾಯುವವರಿಗೆ ಅದು ಕಿರಿಕಿರಿ.

ನಿಮ್ಮ ಬ್ಯಾಂಕಿನಲ್ಲಿ ಟಿವಿಎಸ್ ಗೋಲ್ಡ್ ಇದ್ದಿರಬಹುದು. ನಮ್ಮ ದೇಶದ ಎಷ್ಟೋ ಕಚೇರಿ, ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದ ಗಟ್ಟಿ ಕೀಬೋರ್ಡ್ ಅದು. ಅದರ ಮೇಲೆ ಪಳಗಿದವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ, ನನಗೆ ಅದು ಅರ್ಥವಾಗುತ್ತದೆ. ಆದರೆ ಅದು ಪೂರ್ತಿ ಅಗಲದ್ದು, ಟಕ್ ಅನ್ನುವ ಜಾತಿಯದು. ಎಫ್‌ಟಿ8ಗೆ ಸದ್ದು ಲೆಕ್ಕಕ್ಕಿಲ್ಲ. ಮೈಕಿನಲ್ಲಿ ಮಾತಾಡುವಾಗ ಮಾತ್ರ ಅದು ಪ್ರತಿ ಅಕ್ಷರವನ್ನೂ ಗಾಳಿಗೆ ಕಳಿಸುತ್ತದೆ. ಸದ್ದು ಕೇಳಿದೊಡನೆ ತಾನೇ ಟ್ರಾನ್ಸ್‌ಮಿಟ್ ಶುರು ಮಾಡುವ ವಾಕ್ಸ್ ಹಾಕಿದ್ದರಂತೂ ನೀವು ಬಾಯಿ ಮುಚ್ಚಿಕೊಂಡು ಲಾಗ್ ಬರೆಯುತ್ತಿದ್ದರೂ ಕೀ ಸದ್ದಿಗೇ ರಿಗ್ ಟ್ರಾನ್ಸ್‌ಮಿಟ್‌ಗೆ ಹೋಗುತ್ತದೆ. ಆ ಕೀಬೋರ್ಡೇ ಬೇಕು ಅನ್ನಿಸಿದರೆ ವಾಕ್ಸ್ ಬಿಟ್ಟು ಟ್ರಾನ್ಸ್‌ಮಿಟ್‌ಗೆ ಕಾಲಿನ ಸ್ವಿಚ್ ಹಾಕಿ, ಬಾಯಿಯ ಹತ್ತಿರವೇ ಇರುವ ಹೆಡ್‌ಸೆಟ್ ಮೈಕ್ ಬಳಸಿ, ಮೈಕ್ ಗೇನ್ ಇಳಿಸಿ. ಕಾಲಿನ ಸ್ವಿಚ್ ಯಾವ ಕೀಬೋರ್ಡ್ ಇದ್ದರೂ ಒಳ್ಳೆಯದೇ. ಎರಡೂ ಕೈ ಬಿಡುವಾಗುತ್ತವೆ.

ಮಧ್ಯೆ ಸೀಳಿ ಎರಡು ಭಾಗ ಮಾಡಿದ ಕೀಬೋರ್ಡುಗಳೂ ಇವೆ. ಮಣಿಕಟ್ಟು ಹೊರಗೆ ತಿರುಚುವುದು ತಪ್ಪುತ್ತದೆ, ನಿಜ. ದಿನವಿಡೀ ಬರೆಯುವವರಿಗೆ ಒಳ್ಳೆಯದು. ನಿಮ್ಮ ಬಳಕೆಗೆ ಅಷ್ಟು ಬೆಲೆ ತೆರಬೇಕಿಲ್ಲ.

ಮಣಿಕಟ್ಟಿನ ನೋವಿಗೆ ಮೇಜಿನ ಎತ್ತರ ನೋಡಿ. ನಮ್ಮಲ್ಲಿ ಸಿಗುವ ಮೇಜುಗಳು ಹೆಚ್ಚಾಗಿ 75 ಸೆಂಟಿಮೀಟರ್ ಎತ್ತರ. ಅದು ಬರೆಯುವುದಕ್ಕೆ ಸರಿ, ಟೈಪ್ ಮಾಡುವುದಕ್ಕೆ ನಮ್ಮಲ್ಲಿ ಬಹಳ ಜನಕ್ಕೆ ಜಾಸ್ತಿ ಎತ್ತರ. ಭುಜ ಸಡಿಲ ಬಿಟ್ಟು ಕೂತಾಗ ಮೊಣಕೈ ಯಾವ ಮಟ್ಟದಲ್ಲಿದೆಯೋ ಕೀಗಳೂ ಅದೇ ಮಟ್ಟದಲ್ಲಿರಬೇಕು. ಮೇಜು ಇಳಿಸಲು ಆಗದಿದ್ದರೆ ಕುರ್ಚಿ ಏರಿಸಿ, ಕಾಲಿನ ಕೆಳಗೆ ಒಂದು ಮಣೆ ಇಡಿ. ಬಡಗಿಯಿಂದ ಮೇಜಿನ ಕೆಳಗೆ ಎಳೆಯುವ ಹಲಗೆ ಹಾಕಿಸಿದರೆ ಇನ್ನೂ ಒಳ್ಳೆಯದು. ಟಿಕೆಎಲ್ ಜೊತೆಗೆ ಮೌಸೂ ಕೂರುವಷ್ಟು, 70 ಸೆಂಟಿಮೀಟರ್ ಅಗಲ ಹೇಳಿ. ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲು ಮಡಚಿಡಿ. ಅವನ್ನು ಎತ್ತಿಟ್ಟರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ನೋವು ಅಲ್ಲಿಂದಲೇ ಶುರು. ಮಣಿಕಟ್ಟಿನ ದಿಂಬು ಸಿಗುತ್ತದಲ್ಲ, ಅದು ಬಿಡುವಿನಲ್ಲಿ ಕೈ ಇಡುವುದಕ್ಕೆ. ಟೈಪ್ ಮಾಡುವಾಗ ಅದರ ಮೇಲೆ ಭಾರ ಬಿಡಬಾರದು.

ರಿಗ್ ಎಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ಕೀಬೋರ್ಡಿನ ಹಿಂದೆ ರಿಗ್ ಇಟ್ಟು, ಅದರ ಮೇಲಿಂದ ಕೈ ಚಾಚಿ ಟ್ಯೂನಿಂಗ್ ಗುಂಡಿ ತಿರುಗಿಸುವುದು ಎಲ್ಲರ ರೂಢಿ. ಆಗ ಮೊಣಕೈ ಮೇಜಿನ ಅಂಚಿಗೆ ಒತ್ತುತ್ತದೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ ಕಾರಣ ಆ ಅಂಚು ಇರಬಹುದು. ಮೊಣಕೈಯ ನರ ಅಲ್ಲಿ ಚರ್ಮಕ್ಕೆ ಬಹಳ ಹತ್ತಿರ ಹಾದುಹೋಗುತ್ತದೆ. ರಿಗ್ಗನ್ನು ಪಕ್ಕಕ್ಕೆ ಸರಿಸಿ, ಗುಂಡಿ ತಗ್ಗಿನಲ್ಲಿರಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಹೊತ್ತು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನ ನರ ಒತ್ತಿಹೋಗಿರುವ ಲಕ್ಷಣ. ಅದಕ್ಕೆ ಕೀಬೋರ್ಡ್ ಬದಲಿಸುತ್ತಾ ತಿಂಗಳು ಕಳೆಯಬೇಡಿ, ಡಾಕ್ಟರಿಗೆ ತೋರಿಸಿ. ದಯವಿಟ್ಟು ಈ ಮಾತನ್ನು ಹಗುರವಾಗಿ ತಗೊಳ್ಳಬೇಡಿ ಸರ್.

ಈಗ ತಾನಾಗಿ ಮೂಡುವ ಅಕ್ಷರಗಳ ವಿಷಯ. 40 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ನಡುವಿನಿಂದ ಸಿಗ್ನಲ್ ಕೊಡುವ ತಂತಿ ಆಂಟೆನಾ ಸುಮಾರು 66 ಅಡಿ ಉದ್ದ. ಮೂವತ್ತು ನಲವತ್ತರ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ. ಹಾಗಾಗಿ ನಮ್ಮ ಊರುಗಳಲ್ಲಿ ತಂತಿ ಮಡಚುತ್ತೇವೆ, ಇಲ್ಲವೇ ನಿಮ್ಮ ಹಾಗೆ ಎಂಡ್ ಫೆಡ್ ಹಾಕುತ್ತೇವೆ. ಆಂಟೆನಾ ತಲೆ ಮೇಲೆಯೇ ಇರುತ್ತದೆ. ಎಂಡ್ ಫೆಡ್‌ಗೆ ಸರಿಯಾದ ಕೌಂಟರ್‌ಪಾಯ್ಸ್ (ಕರೆಂಟ್ ಮರಳಲು ಹಾಕುವ ಜೋಡಿ ತಂತಿ) ಇಲ್ಲದಿದ್ದರೆ, ರಿಗ್ಗಿನಿಂದ ಆಂಟೆನಾಗೆ ಹೋಗುವ ಕೋಯಾಕ್ಸ್ ಕೇಬಲ್ಲಿನ ಹೊರಗಿನ ಹೆಣಿಗೆಯೇ ಆಂಟೆನಾದ ಭಾಗವಾಗುತ್ತದೆ. ಆ ಕರೆಂಟ್ ಕೋಯಾಕ್ಸ್ ಹಿಡಿದು ಮೇಜಿಗೆ ಬಂದು, ರಿಗ್, ಲ್ಯಾಪ್‌ಟಾಪ್, ಯುಎಸ್‌ಬಿ ತಂತಿ ಎಲ್ಲದರ ಮೇಲೂ ಹರಿಯುತ್ತದೆ. ಕೀಬೋರ್ಡಿನೊಳಗಿನ ಚಿಪ್ ಅದನ್ನೇ ಯಾರೋ ಕೀ ಒತ್ತಿದರು ಅಂತ ತಿಳಿಯುತ್ತದೆ.

ಪರೀಕ್ಷೆ ಸುಲಭ. ಆಂಟೆನಾ ಬಿಚ್ಚಿ, ಪವರನ್ನು ಗಾಳಿಗೆ ಬಿಡದೆ ಶಾಖವಾಗಿ ನುಂಗುವ ಡಮ್ಮಿ ಲೋಡ್ ಹಾಕಿ, ಅದೇ ಪವರ್‌ನಲ್ಲಿ ಟ್ರಾನ್ಸ್‌ಮಿಟ್ ಮಾಡಿ. ಅಕ್ಷರ ಮೂಡದಿದ್ದರೆ ಆಂಟೆನಾ ಕಡೆಯಿಂದಲೇ ಬರುತ್ತಿದೆ. ಆಗ ಮದ್ದು ಮೊದಲು ಅಲ್ಲೇ ಬೇಕು. ಆಂಟೆನಾಗೆ ಕೌಂಟರ್‌ಪಾಯ್ಸ್ ತಂತಿ ಹಾಕಿ. ಕೋಯಾಕ್ಸ್ ಮನೆಯೊಳಗೆ ಬರುವ ಜಾಗದಲ್ಲಿ 31 ಮಿಕ್ಸ್ ಅನ್ನುವ ಬಗೆಯ ಫೆರೈಟ್ (ಕಾಂತೀಯ ವಸ್ತು) ಉಂಗುರಕ್ಕೆ ಅದನ್ನು ಹಲವು ಸುತ್ತು ಹಾಕಿ ಚೋಕ್, ಅಂದರೆ ಆ ಕರೆಂಟಿಗೆ ತಡೆ ಮಾಡಿ. ಆಮೇಲೆ ಕೀಬೋರ್ಡ್ ತಂತಿಗೂ ಒಂದು ಫೆರೈಟ್. ಹಳೆಯ ಮಾನಿಟರ್ ತಂತಿಯಲ್ಲಿ ಇರುವ ಉಂಡೆ 7 ಮೆಗಾಹರ್ಟ್ಸ್‌ಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. 31 ಮಿಕ್ಸ್ ಕೇಳಿಯೇ ತರಿಸಿ. ತಂತಿ ಒಂದು ಸಲ ತೂರಿದರೆ ಸಾಲದು. ತಡೆ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, 5 ಸುತ್ತಿಗೆ ಸುಮಾರು 25 ಪಟ್ಟು. ಇದಕ್ಕಾಗಿಯೇ ತಂತಿ ಬಿಚ್ಚಿ ತೆಗೆಯಲು ಬರುವ ಕೀಬೋರ್ಡ್ ಆರಿಸಿ. ಪುಟ್ಟ ಯುಎಸ್‌ಬಿ ಸಿ ಪಿನ್ ಉಂಗುರದಲ್ಲಿ ಸಲೀಸಾಗಿ ತೂರುತ್ತದೆ, ತಂತಿ ಕೆಟ್ಟರೆ ಬದಲಿಸಲೂಬಹುದು.

ವೈರ್‌ಲೆಸ್ ತಗೊಂಡರೆ ಈ ಗೋಳೇ ಇಲ್ಲವಲ್ಲ ಅನ್ನಿಸಬಹುದು. ತಂತಿ ಇಲ್ಲದ್ದರಿಂದ ಕೀಬೋರ್ಡ್ ಏನೋ ಬಚಾವಾಗುತ್ತದೆ. ಆದರೆ ಲ್ಯಾಪ್‌ಟಾಪಿನಲ್ಲಿ ಆ ಕರೆಂಟ್ ಹಾಗೇ ಇರುತ್ತದೆ, ಇಂದು ಕೀಬೋರ್ಡ್ ಆದರೆ ನಾಳೆ ಸೌಂಡ್ ಕಾರ್ಡ್ ಕೈಕೊಡುತ್ತದೆ. ಕಾಂಟೆಸ್ಟ್ ನಡುವೆ ಬ್ಯಾಟರಿ ಮುಗಿಯುವ ಭಯ ಬೇರೆ. ವೈರ್‌ಲೆಸ್ಸೇ ಬೇಕೆಂದರೆ ಅದರ ಡಾಂಗಲನ್ನು ಯುಎಸ್‌ಬಿ 3 ಸಾಕೆಟ್ಟಿಗೆ ನೇರ ಚುಚ್ಚದೆ, ಚಿಕ್ಕ ಎಕ್ಸ್‌ಟೆನ್ಷನ್ ಹಾಕಿ ದೂರ ಇಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತದೆ.

ಬಣ್ಣದ ದೀಪದ ವಿಷಯ ಹೇಳುತ್ತೇನೆ ಅಂದಿದ್ದೆ. ಆ ದೀಪಗಳನ್ನು ವೇಗವಾಗಿ ಆನ್ ಆಫ್ ಮಾಡುತ್ತಾ ಮಬ್ಬು ಪ್ರಖರ ಮಾಡುತ್ತಾರೆ. ಅಂಥ ಪ್ರತಿ ಸ್ವಿಚಿಂಗೂ ನಾವು ಕೇಳುವ ಎಚ್‌ಎಫ್ ಬ್ಯಾಂಡುಗಳಲ್ಲಿ ಗದ್ದಲ ಎಬ್ಬಿಸಬಲ್ಲದು. ದೂರದ ಬಡ ಸಿಗ್ನಲ್ ಕೇಳಲು ಕಾಯುವವರ ಮೇಜಿನ ಮೇಲೆ ಅದು ಯಾಕೆ ಬೇಕು? ಯಾವ ಕೀಬೋರ್ಡ್ ಬಂದರೂ 40 ಮೀಟರಿನ ಎಫ್‌ಟಿ8 ಜಾಗವಾದ 7.074 ಮೆಗಾಹರ್ಟ್ಸ್‌ನಲ್ಲಿ ರಿಗ್ ಇಟ್ಟು, ಕೀಬೋರ್ಡ್ ತಂತಿ ಕಿತ್ತು, ಮತ್ತೆ ಚುಚ್ಚಿ, ವಾಟರ್‌ಫಾಲ್ ನೋಡಿ. ಗೆರೆಗಳು ಮೂಡಿದರೆ ದೀಪ ಆರಿಸಿ ನೋಡಿ. ಆಗಲೂ ಹೋಗದಿದ್ದರೆ ವಾಪಸ್ ಮಾಡಿ. ರಾತ್ರಿ ಕೀ ಕಾಣಲಿ ಅಂತ ಅಗ್ಗದ ಎಲ್‌ಇಡಿ ಟೇಬಲ್ ಲ್ಯಾಂಪ್ ತಂದರೆ ಅದನ್ನೂ ಹೀಗೆಯೇ ಪರೀಕ್ಷೆ ಮಾಡಿ. ಕೆಲವು ಲ್ಯಾಂಪುಗಳು ಕೀಬೋರ್ಡಿಗಿಂತ ಜಾಸ್ತಿ ಗದ್ದಲ ಮಾಡುತ್ತವೆ.

ಮಗನಿಗೆ ಹೀಗೆ ಹೇಳಿ: 87 ಕೀಯ ಟಿಕೆಎಲ್, ಕಂದು ಸ್ವಿಚ್, ಬಿಚ್ಚಲು ಬರುವ ತಂತಿ, ದೀಪ ಇಲ್ಲದ್ದು ಅಥವಾ ಪೂರ್ತಿ ಆರಿಸಲು ಬರುವಂಥದ್ದು. ಆನ್‌ಲೈನಲ್ಲಿ ತರಿಸುವ ಮೊದಲು ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಅಂಥದ್ದೊಂದನ್ನು ಒತ್ತಿ ನೋಡಿ. ನಿಂತು ಒತ್ತಿದರೆ ಏನೂ ಗೊತ್ತಾಗುವುದಿಲ್ಲ. ನೋಟ್‌ಪ್ಯಾಡ್ ತೆರೆದು ನಿಮ್ಮ ಕಾಲ್‌ಸೈನ್, ಆಮೇಲೆ ನಿಮ್ಮ ಲಾಗಿನಲ್ಲಿರುವ ಒಂದಷ್ಟು ಕಾಲ್‌ಸೈನ್‌ಗಳನ್ನು ಪರದೆ ನೋಡುತ್ತಲೇ ಹೊಡೆಯಿರಿ. ಓರೆಗೆರೆಯ ಕೀ ಬಲ ಶಿಫ್ಟ್ ಪಕ್ಕದಲ್ಲೇ ಇದೆಯಾ ನೋಡಿ, ಪೋರ್ಟಬಲ್ ಸ್ಟೇಷನ್ನುಗಳ ಕಾಲ್‌ಸೈನ್ ಬರೆಯಲು ಅದು ಬೇಕೇ ಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಬೇಸಿಗೆ ಗಾಳಿಗೆ ಧೂಳು ಜಾಸ್ತಿ, ಅದರಿಂದ ಕೆಲಸ ಮುಗಿದ ಮೇಲೆ ಒಂದು ಹತ್ತಿ ಬಟ್ಟೆ ಹೊದಿಸಿಡಿ. ಸಿಲಿಕಾನ್ ಹೊದಿಕೆ ಬೇಡ, ಕೀಯ ಸ್ಪರ್ಶವೇ ಹೋಗುತ್ತದೆ. ಮಂಡಕ್ಕಿ, ಮಿರ್ಚಿ ತಟ್ಟೆಯನ್ನು ಬೇರೆ ಮೇಜಿನ ಮೇಲಿಡಿ.

ಕೀಬೋರ್ಡ್ ಬರುವುದಕ್ಕೆ ಹೇಗೂ ಕೆಲವು ದಿನ ಬೇಕು. ಅಷ್ಟರಲ್ಲಿ ಮೌಸ್ ಎಡಗೈಗೆ ಹೋಗಲಿ, ಕೀಬೋರ್ಡಿನ ಹಿಂದಿನ ಕಾಲು ಮಡಚಿರಲಿ, ಡಮ್ಮಿ ಲೋಡ್ ಪರೀಕ್ಷೆಯೂ ಆಗಲಿ. ಪರೀಕ್ಷೆಯಲ್ಲಿ ಏನಾಯಿತು, ಎಂಡ್ ಫೆಡ್ ತಂತಿ ಎಷ್ಟು ಉದ್ದ ಇದೆ, ಕೌಂಟರ್‌ಪಾಯ್ಸ್ ಇದೆಯಾ, ಇಷ್ಟು ಬರೆದು ಕಳಿಸಿ. ಚೋಕ್‌ಗೆ ಎಷ್ಟು ಸುತ್ತು ಬೇಕು ಅಂತ ಆಗ ಸರಿಯಾಗಿ ಹೇಳಬಹುದು. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).